ಬೇಡದ ಪದಗಳ ಪಟ್ಟಿ

ಶಹಾಪುರದ ಬಸ್ ನಿಲ್ದಾಣದ ಹಿಂದೆ, ಮೊಬೈಲ್ ಅಂಗಡಿಯೊಂದರ ಮಹಡಿಯ ಮೇಲೆ, ನಿವೃತ್ತ ಮಾಸ್ತರೊಬ್ಬರು ವಧೂವರರ ಕೇಂದ್ರ ನಡೆಸುತ್ತಿದ್ದರು. ನಾನು ಅಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. ಫೋಟೊ ಸರಿಮಾಡುವುದು, ಅರ್ಜಿ ತುಂಬುವುದು ಬರೀ ನೆಪಕ್ಕೆ. ನಿಜವಾದ ಕೆಲಸ ಬೇರೆ ಇತ್ತು. ಸುತ್ತಲಿನ ಮೂರು ತಾಲ್ಲೂಕಿನಲ್ಲಿ ಯಾರೇ ಫೋನಿನಲ್ಲಿ ಸಂಬಂಧ ಹುಡುಕಲಿ, ಎಲ್ಲಕ್ಕಿಂತ ಮೇಲೆ ನಮ್ಮ ಜಾಹೀರಾತು ಕಾಣಬೇಕು. ಕಂಡಿದ್ದಕ್ಕೆ ದುಡ್ಡಿಲ್ಲ, ಅದನ್ನು ಒತ್ತಿದರೆ ಒಂದೊಂದು ಸಲಕ್ಕೂ ದುಡ್ಡು. ದಿನಕ್ಕೆ ಇಷ್ಟೇ ಎಂದು ಮಾಸ್ತರು ಮಿತಿ ಹಾಕಿದ್ದರು. ಅದು ಮುಗಿದರೆ ಮರುದಿನದವರೆಗೆ ನಾವು ಯಾರ ಕಣ್ಣಿಗೂ ಬೀಳುವುದಿಲ್ಲ.

ಶುರುವಿನಲ್ಲಿ ಮದುವೆ ಹಾಡು ಹುಡುಕುವವರು, ಮದುವೆ ಅಡುಗೆಯವರನ್ನು ಹುಡುಕುವವರು ಎಲ್ಲರೂ ಒತ್ತಿ ಒತ್ತಿ ಮಧ್ಯಾಹ್ನದೊಳಗೆ ನಮ್ಮ ಮಿತಿ ತಿಂದುಬಿಡುತ್ತಿದ್ದರು. "ಏನಪಾ, ಊರ ಮಂದಿಗೆಲ್ಲ ನನ್ನ ರೊಕ್ಕದಾಗ ಹಾಡು ಕೇಳಸಾಕತ್ತಿಯೇನು?" ಎಂದು ಮಾಸ್ತರು ಬೈದರು. ಆಗ ನಾನು ಬೇಡದ ಪದಗಳ ಪಟ್ಟಿ ಮಾಡುವುದನ್ನು ಕಲಿತೆ. ಪಟ್ಟಿಗೆ ಸೇರಿಸಿದ ಪದ ಯಾರ ಹುಡುಕಾಟದಲ್ಲಿದ್ದರೂ ಅವರಿಗೆ ನಮ್ಮ ಜಾಹೀರಾತು ಕಾಣುವುದಿಲ್ಲ. ಹಾಡು, ಅಡುಗೆ, ಕಾರ್ಡು, ಫ್ರೀ ಎಲ್ಲ ಅದರೊಳಗೆ ಹೋದವು. ನಾಲ್ಕು ಪದ ಸೇರಿಸಿದ್ದಕ್ಕೇ ನನಗೆ ತಹಸೀಲ್ದಾರನಷ್ಟು ಸೊಕ್ಕು ಬಂತು.

ಏನು ಹುಡುಕಿ ನಮ್ಮನ್ನು ಒತ್ತಿದರು ಎಂಬ ವರದಿ ಮರುದಿನ ಬೆಳಿಗ್ಗೆ ಸಿಗುತ್ತಿತ್ತು. ಯಾರು ಎಂಬುದು ಅದರಲ್ಲಿರುವುದಿಲ್ಲ, ಆಡಿದ ಮಾತು ಮಾತ್ರ ಇರುತ್ತದೆ. ನಮ್ಮ ಕಡೆಯ ಜನ ಬರೆದು ಹುಡುಕುವವರಲ್ಲ. ಫೋನನ್ನು ಬಾಯಿಗೆ ಹಿಡಿದು, ಆಚೆ ಕಡೆ ಯಾರೋ ದೊಡ್ಡ ಸಾಹೇಬರು ಕೂತಿದ್ದಾರೆ ಎಂಬಂತೆ ಮಾತಾಡುತ್ತಾರೆ. "ನಮಸ್ಕಾರ್ರಿ, ನಮ್ಮ ಹುಡುಗಿಗಿ ಕಾಲುವಿ ನೀರಿನ ಹೊಲ ಇದ್ದ ವರ ನೋಡ್ರಿ" ಎಂದು ಒಬ್ಬರು. "ಸಾಹೇಬ್ರ, ಹುಡುಗ ಕುಡಿಯಂಗಿಲ್ಲ, ಖರೆ" ಎಂದು ಇನ್ನೊಬ್ಬರು. ಇವನ್ನೆಲ್ಲ ನಾನು ದನಿ ಬದಲಿಸಿ ಓದುತ್ತಿದ್ದೆ, ಮಾಸ್ತರು ಚಹಾ ಕುಡಿಯುತ್ತ ಬಿದ್ದು ಬಿದ್ದು ನಗುತ್ತಿದ್ದರು. ಗತಿಗೆಟ್ಟವರ ಮಾತಿಗೆ ಅಷ್ಟು ನಗು ಎಲ್ಲಿಂದ ಬರುತ್ತಿತ್ತೋ.

ನಾರಾಯಣಪುರ ಅಣೆಕಟ್ಟಿನ ಕಾಲುವೆಗೆ ನೀರು ಬಂದ ಮೇಲೆ ನಮ್ಮಲ್ಲಿ ಗಂಡುಗಳಲ್ಲಿ ಎರಡೇ ಜಾತಿ ಉಳಿದವು: ಕಾಲುವೆಯ ಕೆಳಗಿನವರು, ಕಾಲುವೆಯ ಮೇಲಿನವರು. ಕೆಳಗಿನವರಿಗೆ ನೀರು ಹರಿದು ಬಂತು, ಭತ್ತ ಬಂತು, ಹೆಣ್ಣು ಬಂತು. ಮೇಲಿನವರಿಗೆ ಕುರಿ ಉಳಿದವು. ಹೆಣ್ಣಿನ ತಂದೆ ಮೊದಲು ಕೇಳುತ್ತಿದ್ದದ್ದು ಹೊಲ ಎಲ್ಲಿದೆ ಎಂದು. ಹುಡುಗನ ಹೆಸರು ಆಮೇಲೆ. "ಕಾಲುವೆ ನೀರಾವರಿ ಮನೆತನದ ವರಗಳು" ಎಂದು ನಾನು ಜಾಹೀರಾತಿನ ಸಾಲು ಬದಲಿಸಿದ ವಾರವೇ ಫೋನಿಗೆ ಬಿಡುವಿಲ್ಲದಂತಾಯಿತು.

ನಾನು ಮೇಲಿನವನು. ಸುರಪುರದ ದಾರಿಯಲ್ಲಿ, ನೀರು ಹತ್ತಲಾರದ ದಿನ್ನೆಯ ಮೇಲೆ ನಮ್ಮ ಹೊಲ. ಅಪ್ಪ ಸತ್ತಾಗ ಅಣ್ಣ ಅಕ್ಷರ ಕಲಿಯುವ ಮೊದಲೇ ಶಾಲೆ ಬಿಟ್ಟು ಕುರಿಯ ಹಿಂದೆ ಹೋದ, ನಾನು ಓದಿದೆ. ಮಾಸ್ತರಿಗೆ ಮಾತ್ರ ನಮ್ಮದು ಕಾಲುವೆಯ ಕೆಳಗಿನ ಮನೆತನ ಎಂದಿದ್ದೆ. ಅವರು ನನಗೂ ಒಂದು ಸಂಬಂಧ ನೋಡುತ್ತಿದ್ದರು. ಅದೇ ಕಚೇರಿಯ ಕಡತದಲ್ಲಿ ನನ್ನ ಫೋಟೊ ಇತ್ತು, ಕೆಳಗೆ "ನೀರಾವರಿ ಜಮೀನು" ಎಂದು ನಾನೇ ತುಂಬಿದ್ದೆ. ಅಣ್ಣ ಎಂದಾದರೂ ಕಚೇರಿಗೆ ಬಂದು ನಿಂತಾನು ಎಂಬ ಹೆದರಿಕೆಗೆ, ಯಾದಗಿರಿಯಲ್ಲಿ ಕೆಲಸ ಎಂದು ಮನೆಗೆ ಹೇಳಿದ್ದೆ.

ಅಣ್ಣನಿಗೆ ತಲೆ ನರೆಯತೊಡಗಿತ್ತು. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಎಡಗೈ ಹೆಬ್ಬೆರಳು ಹೋಗಿತ್ತು. ಹೆಣ್ಣು ನೋಡಲು ಹೋದ ಕಡೆಯೆಲ್ಲ ಒಂದೇ ಉತ್ತರ: "ಕುರಿ ಹಿಂದ ತಿರಗಾಂವಗ ಹೆಣ್ಣು ಯಾರು ಕೊಡ್ತಾರ?"

ಒಂದು ಬೆಳಿಗ್ಗೆ ವರದಿ ತೆರೆದಾಗ ಈ ಸಾಲು ಇತ್ತು: "ನಮಸ್ಕಾರ್ರಿ ನಾ ಕುರಿ ಕಾಯ್ತೀನ್ರಿ ಎಡಗೈ ಹೆಬ್ಬಟ್ಟಿಲ್ರಿ ತಮ್ಮನ್ನ ಓದಸೀನಿ ನನಗೂ ಒಂದು ಹೆಣ್ಣು ನೋಡ್ರಿ."

ಅದನ್ನು ನಾನು ದನಿ ಬದಲಿಸಿ ಓದಲಿಲ್ಲ. ಅಣ್ಣ ನಮ್ಮ ಜಾಹೀರಾತನ್ನು ಒಂದು ಸಲ ಒತ್ತಿದ್ದ. ಇನ್ನೂ ಫೋನ್ ಮಾಡಿರಲಿಲ್ಲ, ಇವತ್ತು ಮಾಡಬಹುದು, ನಾಳೆ ಮೆಟ್ಟಿಲು ಹತ್ತಬಹುದು. ನನಗೆ ಅಳು ಬರಲಿಲ್ಲ, ಮರುಕವೂ ಬರಲಿಲ್ಲ, ಬಂದದ್ದು ಭಯ. ಪಟ್ಟಿ ತೆರೆದು "ಕುರಿ" ಎಂದು ಸೇರಿಸಿದೆ. ಮಾಸ್ತರಿಗೆ, "ಕುರಿಯವ್ರು ಬರೇ ಒತ್ತತಾರ್ರಿ, ಹೆಸರು ಹಚ್ಚಂಗಿಲ್ಲ" ಎಂದು ವರದಿ ಕೊಟ್ಟೆ. "ಶಾಣ್ಯಾ ಅದಿ" ಎಂದು ಅವರು ಬೆನ್ನು ತಟ್ಟಿದರು. ಒಮ್ಮೆ ತಡೆದ ಪದ ಮತ್ತೆ ವರದಿಯಲ್ಲಿ ಕಾಣಿಸುವುದಿಲ್ಲ. ಅಣ್ಣ ಆಮೇಲೆ ಎಷ್ಟು ಸಲ ಫೋನಿಗೆ ನಮಸ್ಕಾರ ಹೇಳಿದನೋ, ನಾನು ನೋಡಬೇಕಾಗಿ ಬರಲಿಲ್ಲ.

ಕೆಲವು ತಿಂಗಳ ಮೇಲೆ ಗುರುಮಠಕಲ್ ಕಡೆಯ ಹಿರಿಯರೊಬ್ಬರು ಬಸ್ಸಿಳಿದು ಬಂದರು. ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಒಬ್ಬಳೇ ಮಗಳು, ಮನೆಯಲ್ಲಿ ದೊಡ್ಡ ಹಿಂಡು. "ಹೊಲ ಇರಲಿಕ್ಕಂದ್ರೂ ನಡೀತದ್ರಿ. ಕುರಿ ಇದ್ದಾಂವ, ಕುರಿ ಬಲ್ಲಾಂವ ಬೇಕು. ನಮ್ಮ ಹುಡುಗಿನೂ ಕುರಿ ಜೊತಿಗೇ ಬೆಳದಾಳ," ಎಂದರು. ಮಾಸ್ತರು ನನ್ನತ್ತ ನೋಡಿದರು. ನಾನು ಕಂಪ್ಯೂಟರಿನಲ್ಲಿ ಹುಡುಕಿದಂತೆ ಮಾಡಿ, "ಒಬ್ರೂ ಇಲ್ರಿ" ಎಂದೆ.

ಕಡತದ ಮಟ್ಟಿಗೆ ಅದು ಸುಳ್ಳಲ್ಲ. ಇರದಂತೆ ಮಾಡಿದವನೇ ನಾನು. ನಮ್ಮ ಅಣ್ಣ ಇದ್ದಾನೆ ಎಂಬ ಒಂದು ಮಾತು ಸಾಕಿತ್ತು, ಆಡಲಿಲ್ಲ. ಹಿರಿಯರಿಗೆ ಕುಡಿಯಲು ನೀರು ಕೊಟ್ಟು, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಮರ್ಯಾದೆಯಿಂದ ತೋರಿಸಿ ಬಂದೆ. ಮರ್ಯಾದೆಗೆ ನಾನು ಎಂದೂ ಕಡಿಮೆ ಮಾಡಿದವನಲ್ಲ.

ಆ ಬೇಸಿಗೆಯಲ್ಲಿ ಅಣ್ಣ ಫೋನ್ ಮಾಡಿದ. "ತಮ್ಮಾ, ಕುರಿ ಎಲ್ಲಾ ಮಾರಿಬಿಟ್ಟೆ. ಇನ್ನ ಯಾರೂ ಕುರಿಯಾಂವ ಅನ್ನಂಗಿಲ್ಲ." ದನಿಯಲ್ಲಿ ಏನೋ ಹುರುಪು ಇತ್ತು. "ಛಲೋ ಆತು ಬಿಡು," ಎಂದೆ.

ಅದಾಗಿ ವಾರದೊಳಗೆ ಅವನು ಮೆಟ್ಟಿಲು ಹತ್ತಿ ಬಂದ. ಈಗ ಅವನು ಫೋನಿಗೆ ಆಡಿದ ಮಾತಿನಲ್ಲಿ ಕುರಿ ಇರಲಿಲ್ಲ, ಹಾಗಾಗಿ ಜಾಹೀರಾತು ಕಂಡಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿದ ತಲೆ. ಒಳಗೆ ಬಂದವನೇ ನನ್ನನ್ನು ನೋಡಿ ಅಲ್ಲೇ ನಿಂತುಬಿಟ್ಟ. ಅವನು ಬಾಯಿ ತೆರೆಯುವುದಕ್ಕೂ ಮಾಸ್ತರು ಮಾತು ಹಾಕುವುದಕ್ಕೂ ಸರಿಹೋಯಿತು.

"ಬಾ ಬಾ, ಕೂಡು. ಅಂವ ನಮ್ಮ ಹುಡುಗ. ಕಾಲುವಿ ಕೆಳಗಿನ ಮನಿತನ, ಮುಂದಿನ ತಿಂಗಳು ಅಂವಂದೂ ಮಾತು ಮುಗೀತದ. ಯಾಕ, ಪರಿಚಯ ಏನು?"

ಅಣ್ಣ ನನ್ನ ಮುಖ ನೋಡಿದ. ನಾನು ಕೀಲಿಮಣೆ ನೋಡಿದೆ.

"ಇಲ್ರಿ," ಎಂದ. "ಎಲ್ಲೋ ನೋಡಿದಂಗ ಆತು."

ಮಾಸ್ತರು ಕೇಳುತ್ತ ಹೋದರು, ನಾನು ಬೆರಳಚ್ಚು ಮಾಡುತ್ತ ಹೋದೆ. ಹೊಲ? ಒಣಬೇಸಾಯ. ಉದ್ಯೋಗ? "ಕುರಿ ಇದ್ವು. ಮಾರೀನ್ರಿ." ಮಾಸ್ತರು ಹಣೆ ಚಚ್ಚಿಕೊಂಡರು. "ಅಯ್ಯ ಹುಚ್ಚಾ! ಗುರುಮಠಕಲ್ ಕಡೆಯವ್ರು ಕುರಿ ಇದ್ದಾಂವನ ಬೇಕಂತ ಇಲ್ಲೇ ಬಂದು ಕೂತಿದ್ರು. ಆ ಹುಡುಗಿದು ಈಗ ಬ್ಯಾರೆ ಕಡೆ ಆಗಿಹೋತು. ಅವ್ರು ಬಂದಿದ್ದು ಯಾವಾಗೋ?" ಎಂದು ನನ್ನನ್ನು ಕೇಳಿದರು.

"ನೆನಪಿಲ್ರಿ," ಎಂದೆ.

ಮಾಸ್ತರು ಮತ್ತೆ ಅರ್ಜಿಗೆ ಬಂದರು. ತಮ್ಮಂದಿರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಅಣ್ಣ, "ಇಲ್ರಿ" ಎಂದ. ನಾನು ಅದನ್ನೂ ತುಂಬಿದೆ. ಬೆರಳು ಒಂದು ಅಕ್ಷರವನ್ನೂ ತಪ್ಪಲಿಲ್ಲ.

ಅರ್ಜಿ ಅಚ್ಚಾಗಿ ಬಂತು. ಮಾಸ್ತರು ಮಸಿಯ ಡಬ್ಬಿ ಮುಂದೆ ತಳ್ಳಿದರು. "ಸಹಿ ಬರಂಗಿಲ್ಲಾ? ಎಡಗೈ ಹೆಬ್ಬಟ್ಟು ಒತ್ತು." ಅಣ್ಣ ಎಡಗೈ ಮೇಜಿನ ಮೇಲೆ ಇಟ್ಟು ತೋರಿಸಿದ. ಮಾಸ್ತರು ಮುಖ ಕಿವುಚಿ ನನಗೆ, "ಬಲಗೈದು ಹಿಡದು ಒತ್ತಿಸಪಾ" ಎಂದರು.

ನಾನು ಎದ್ದು ಹೋಗಿ ಅವನ ಕೈ ಹಿಡಿದೆ. ಚಿಕ್ಕಂದಿನಲ್ಲಿ ಹಳ್ಳ ದಾಟಿಸಿ ಶಾಲೆಗೆ ಬಿಟ್ಟು ಬರುತ್ತಿದ್ದ ಕೈ. ಅಂಗಿ ತೊಳೆದಿದ್ದರೂ ಕೈಯಲ್ಲಿ ಇನ್ನೂ ಕುರಿಯ ವಾಸನೆ ಇತ್ತು. ಹೆಬ್ಬೆರಳಿಗೆ ಮಸಿ ಹಚ್ಚಿ ಕಾಗದದ ಮೇಲೆ ಮೆಲ್ಲಗೆ ಇಟ್ಟೆ, ಗುರುತು ಸರಿಯಾಗಿ ಬೀಳಲಿಲ್ಲ.

"ಜೋರ ಒತ್ರಿ ಸರ," ಎಂದ ಅಣ್ಣ. "ಇಲ್ಲಾಂದ್ರ ಮೂಡಂಗಿಲ್ಲ."