ಭಾಗ್ಯಮ್ಮನ ಕೈಯಲ್ಲಿದ್ದ ಎಲೆಗಳು

ಹೂಟಗಳ್ಳಿಯ ಭಾಗ್ಯಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ. ತರಕಾರಿಯವನು ತಕ್ಕಡಿಗೆ ಬೆರಳು ಕೊಟ್ಟರೆ, ನೀರು ಬಿಡುವವನು ಅರ್ಧಕ್ಕೇ ವಾಲ್ವು ತಿರುಗಿಸಿದರೆ ಸುಮ್ಮನಿರಲು ಅವಳೇನು ಗೋಡೆಯೇ? ಊದುಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡಿ, ಮಗಳನ್ನು ಓದಿಸಿ, ಒಬ್ಬಳೇ ನಿಂತು ಮದುವೆ ಮಾಡಿದವಳು. ಸೋತರೆ ಸೋತೆ ಎನ್ನುತ್ತಾಳೆ. ಮೋಸ ಮಾಡಿದೆ ಎಂದರೆ ಮಾತ್ರ ಮೈಯೆಲ್ಲ ಉರಿದುಹೋಗುತ್ತದೆ.

ಆ ಕಾರ್ಖಾನೆಯಲ್ಲೇ ಅವಳಿಗೆ ಸೆಲ್ವಮೇರಿ ಸಿಕ್ಕಿದ್ದು. ಊಟದ ಬಿಡುವಿನಲ್ಲಿ ಇಬ್ಬರೂ ರಟ್ಟಿನ ಪೆಟ್ಟಿಗೆ ಬೋರಲು ಹಾಕಿಕೊಂಡು ಇಸ್ಪೀಟು ಆಡುತ್ತಿದ್ದರು. ಪಣವಿಲ್ಲ, ಗಿಣವಿಲ್ಲ, ಬರೀ ಬಾಯಿಜಗಳ. “ಗಂಡಸ್ರು ಅರಳೀಕಟ್ಟೇಲಿ ಆಡಿದ್ರೆ ಟೈಂಪಾಸು, ನಾವಾಡಿದ್ರೆ ಮನೆಹಾಳು ಕೆಲ್ಸವಾ?” ಎಂದು ಭಾಗ್ಯಮ್ಮ ಸೂಪರ್‌ವೈಸರನ ಬಾಯನ್ನೇ ಮುಚ್ಚಿಸಿದ್ದಳು. ಕೆಲಸ ಬಿಟ್ಟ ಮೇಲೂ ಆಟ ಬಿಡಲಿಲ್ಲ. ಮಧ್ಯಾಹ್ನವಾದರೆ ಸೆಲ್ವಮೇರಿ ಪಕ್ಕದ ಬೀದಿಯಿಂದ ಬರಬೇಕು, ಜಗಲಿಯಲ್ಲಿ ಎಲೆ ಬೀಳಬೇಕು. ಭಾಗ್ಯಮ್ಮನ ಗಂಡ ಬದುಕಿದ್ದಾಗ ಕುಡಿದು ಕೈಮಾಡುತ್ತಿದ್ದದ್ದು, ಮಗಳಿಗೆ ಮೊದಲು ಗೊತ್ತಾದ ಸಂಬಂಧ ಮುರಿದದ್ದು, ಎಲ್ಲವೂ ಸೆಲ್ವಮೇರಿಗೆ ಗೊತ್ತು. ಅವಳ ಬಾಯಿಂದ ಒಂದು ಮಾತೂ ಆಚೆ ಹೋಗಿರಲಿಲ್ಲ.

ಈ ಸಲ ಬಡಾವಣೆಯ ಸಂಘದವರು ರಾಜ್ಯೋತ್ಸವಕ್ಕೆಂದು ಹೆಂಗಸರ ಇಸ್ಪೀಟು ಪಂದ್ಯ ಇಟ್ಟರು. ಕೊನೆಯ ಆಟಕ್ಕೆ ಉಳಿದವರು ಇವರಿಬ್ಬರೇ. ಆಟವೇನೋ ಸರಳ. ಒಬ್ಬೊಬ್ಬರಿಗೆ ಹದಿಮೂರು ಎಲೆ, ಮಿಕ್ಕಿದ್ದು ಬೋರಲು. ಎದುರಿನವರು ಆಟೀನು ಇಳಿಸಿದರೆ ಆಟೀನೇ ಇಳಿಸಬೇಕು, ಡೈಮನ್ ಇಳಿಸಿದರೆ ಡೈಮನ್ನೇ. ಆ ರಂಗಿನ ಎಲೆ ಕೈಯಲ್ಲಿ ಇಲ್ಲದಿದ್ದರೆ ಮಾತ್ರ, ಎಂಥ ದೊಡ್ಡ ಎಲೆಯನ್ನೂ ಸೋಲಿಸುವ ತುರುಪು ಹೊಡೆಯಬಹುದು. ಇಟ್ಟುಕೊಂಡೂ ಹೊಡೆದರೆ ಕಳ್ಳಾಟ.

ಆಟ ಅರ್ಧಕ್ಕೆ ಬಂದಿತ್ತು. ಸೆಲ್ವಮೇರಿ ಡೈಮನ್ ರಾಜನನ್ನು ಇಳಿಸಿದಳು. ಭಾಗ್ಯಮ್ಮ ಪಟ್ಟನೆ ತುರುಪು ಹೊಡೆದು ರಾಜನನ್ನು ಎತ್ತಿಕೊಂಡಳು. ಶಾಮಿಯಾನದ ಕೆಳಗಿದ್ದವರೆಲ್ಲ ಹೋ ಎಂದರು. ಸಂಘದ ಕಾರ್ಯದರ್ಶಿ ವಾಗೀಶ, ಅವನೇ ತೀರ್ಪುಗಾರ, ಮೈಕು ಹಿಡಿದು ಹತ್ತಿರ ಬಂದ.

“ಒಂದ್ನಿಮಿಷ ಆಂಟಿ. ನಿಜ್ವಾಗ್ಲೂ ಡೈಮನ್ ಇಲ್ವಾ? ಎಲೆ ತೋರಿಸ್ಬುಡಿ.”

“ಆಟ ಮುಗೀಲಿ ಕಣಪ್ಪ. ಬಿದ್ದ ಎಲೆ ಎಲ್ಲಾ ಇಲ್ಲೇ ಇರ್ತವೆ, ತಿರುಗಿಸಿ ನೋಡು. ಕಳ್ಳಾಟ ಆಡಿದ್ರೆ ಆಗ ಹಿಡಿ.”

“ಎಲ್ಲಾ ಓಪನ್ನಾಗಿರ್ಬೇಕು ಅಲ್ವಾ? ಮುಚ್ಚಿಡೋಕೆ ಏನಿದೆ?”

“ಅಯ್ಯೋ ನಿನ್ನ! ಮುಚ್ಚಿಡೋದೇ ಆಟ ಕಣೋ! ಒಂದೊಂದಾಗಿ ಬಿಚ್ಚಿ ತೋರ್ಸೋಕೆ ಇದೇನ್ ಸೀರೆ ಅಂಗಡಿನಾ?”

ಜನ ನಕ್ಕರು. ವಾಗೀಶನ ಮುಖ ಕೆಂಪಾಯಿತು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ,” ಎಂದು ಮೈಕಿನಲ್ಲೇ ಅಂದುಬಿಟ್ಟ. ಜನ ಮತ್ತೆ ನಕ್ಕರು, ಈ ಸಲ ಇವಳನ್ನು ನೋಡಿ. ಥೂ, ಇವನ ತೀರ್ಪಿಗಿಷ್ಟು ಬೆಂಕಿ ಹಾಕ! ಭಾಗ್ಯಮ್ಮನ ಕಿವಿ ಕಾದುಹೋಯಿತು.

ತೋರಿಸುವುದೇನೂ ಕಷ್ಟವಲ್ಲ, ಡೈಮನ್ ಅವಳ ಕೈಯಲ್ಲಿ ಇರಲಿಲ್ಲ. ಆದರೆ ಈಗ ಹೊಡೆದದ್ದೇ ಅವಳ ಕೊನೆಯ ತುರುಪು. ಅದು ತಿಳಿಯದಿದ್ದರೆ ಸೆಲ್ವಮೇರಿ ತನ್ನ ದೊಡ್ಡ ಎಲೆಗಳನ್ನು ಹೊರಗೆ ತೆಗೆಯಲು ಹೆದರುತ್ತಾಳೆ, ಆಟ ಭಾಗ್ಯಮ್ಮನದಾಗುತ್ತದೆ. ತೋರಿಸಿದರೆ ಮಾನ ಉಳಿಯುತ್ತದೆ, ಆಟ ಹೋಗುತ್ತದೆ. ಸೆಲ್ವಮೇರಿ ಒಂದು ಮಾತು ಅಂದರೆ ಸಾಕಿತ್ತು. ‘ಬುಡಪ್ಪ, ಅವ್ಳು ಅಂಥೋಳಲ್ಲ’ ಎಂದರೆ ಎರಡೂ ಉಳಿಯುತ್ತಿದ್ದವು. ಭಾಗ್ಯಮ್ಮ ಅವಳ ಮುಖವನ್ನೇ ನೋಡುತ್ತ ಕಾದಳು. ಸೆಲ್ವಮೇರಿ ತಲೆ ತಗ್ಗಿಸಿಕೊಂಡು ತನ್ನ ಎಲೆಗಳನ್ನು ಸರಿಮಾಡಿಕೊಳ್ಳುತ್ತಿದ್ದಳು.

“ನೋಡ್ರಪ್ಪ, ಎಲ್ರೂ ನೋಡಿ! ಡೈಮನ್ ಇದ್ರೆ ನನ್ ನಾಲ್ಗೆ ಸೇದೋಗ್ಲಿ!” ಭಾಗ್ಯಮ್ಮ ಎಲೆಗಳನ್ನು ಮೇಜಿನ ಮೇಲೆ ಅಂಗಾತ ಎಸೆದಳು.

ವಾಗೀಶ ಬಗ್ಗಿ ನೋಡಿದ. “ಓಕೆ ಆಂಟಿ, ಸುಮ್ನೆ ಚೆಕ್ ಮಾಡ್ದೆ. ಬೇಜಾರ್ ಮಾಡ್ಕೋಬೇಡಿ. ಆಟ ಮುಂದುವರೀಲಿ.”

ಮುಂದುವರಿಯುವುದೇನು ಮಣ್ಣು! ಇನ್ನು ತುರುಪಿಲ್ಲವೆಂದು ಕಂಡ ಮೇಲೆ ಸೆಲ್ವಮೇರಿಗೆ ಯಾವ ಭಯ? ಕೈಗೆ ಆಟ ಸಿಕ್ಕಿದ್ದೇ ತಡ ಎಕ್ಕ, ರಾಜ, ರಾಣಿ ಎಂದು ಒಂದರ ಹಿಂದೆ ಒಂದು ಇಳಿಸಿ ಗೆದ್ದಳು. ಅವಳಿಗೆ ಶಾಲು ಹೊದಿಸಿ ಕುಕ್ಕರ್ ಕೊಟ್ಟರು. ಭಾಗ್ಯಮ್ಮ ಚಪ್ಪಾಳೆ ತಟ್ಟದೆ ಮನೆಗೆ ಬಂದಳು.

ಸಂಜೆ ಸೆಲ್ವಮೇರಿ ಕುಕ್ಕರ್ ಹೊತ್ತುಕೊಂಡು ಜಗಲಿಗೆ ಬಂದಳು. “ತಗೊಳೆ, ಇದು ನಿಂದೇ.”

“ನಿನ್ ಕುಕ್ಕರ್ ಯಾರಿಗ್ಬೇಕು? ನಿಜ ಹೇಳು. ನಾನು ಕಳ್ಳಾಟ ಆಡಿದೀನಿ ಅನ್ನಿಸ್ತಾ ನಿಂಗೆ?”

“ಮಾತೆ ಮರಿಯಮ್ಮನಾಣೆ ಇಲ್ಲ ಕಣೆ.”

“ಮತ್ಯಾಕೆ ಬಾಯಲ್ಲಿ ಕಡುಬು ಇಟ್ಕೊಂಡೋಳಂಗೆ ಕೂತಿದ್ದೆ?”

ಸೆಲ್ವಮೇರಿ ಸೆರಗಿನ ಅಂಚು ಹಿಂಡಿದಳು. “ನಿನ್ನತ್ರ ಇನ್ನೂ ತುರುಪು ಇದ್ಯಾ ಅಂತ ಗೊತ್ತಾಗ್ಲಿ ಅಂತ.”

ವಾಗೀಶನ ಮೇಲಿದ್ದ ಕೋಪವೆಲ್ಲ ಭಾಗ್ಯಮ್ಮನಿಗೆ ಆಗ ಏನೂ ಅಲ್ಲ ಅನ್ನಿಸಿತು. “ನನ್ ಬೆನ್ಮೇಲಿನ ಬಾಸುಂಡೆ ಹೆತ್ತವ್ವನಿಗೂ ತೋರ್ಸಿರ್ಲಿಲ್ಲ, ನಿಂಗೆ ತೋರ್ಸಿದ್ದೆ. ಅಷ್ಟು ಜನದ್ ಮುಂದೆ ಕಳ್ಳಿ ಅಂದ್ರೂ ಅನ್ನಿಸ್ಕೊಳ್ಲಿ, ಅವ್ಳ ಎಲೆ ಕಂಡ್ರೆ ಸಾಕು ಅಂದ್ಕೊಂಡ್ಯಲ್ಲೇ!”

ಅವಳು ಒಳಗೆ ಹೋಗಿ ಎಲೆಕಟ್ಟು ತಂದಳು. ಕಲೆಸಿ ಇಬ್ಬರಿಗೂ ಹಂಚಿದಳು. ಆಮೇಲೆ ತನ್ನ ಎಲೆಗಳನ್ನೆಲ್ಲ ಒಂದೊಂದಾಗಿ ಅಂಗಾತ ಮಾಡಿ ಸೆಲ್ವಮೇರಿಯ ಕಣ್ಣೆದುರು ಸಾಲಾಗಿ ಇಟ್ಟಳು.

“ಆಡು.”

“ಬೇಡ ಕಣೆ ಭಾಗ್ಯ, ಎತ್ಕೊಳೆ. ಹಿಂಗಾದ್ರೆ ಆಟ ಎಲ್ಲಿರುತ್ತೆ?”

“ನಿನ್ ಜೊತೆ ಇನ್ಮೇಲೆ ಹಿಂಗೇ. ಎಲ್ಲಾ ಕಾಣ್ತಿದೆಯಲ್ಲ, ಇಳ್ಸು.”

ಸೆಲ್ವಮೇರಿ ತನ್ನ ಎಲೆಗಳನ್ನು ಹಿಡಿದುಕೊಂಡು ಕೂತೇ ಇದ್ದಳು. ಅವಳ ಕೈಯಿಂದ ಒಂದೂ ಇಳಿಯಲಿಲ್ಲ.