ಟ್ರಂಕ್ ಕಾಲ್ ಸಿಕ್ಕಿತ್ತು, ಮಾಳಪ್ಪ

ಅಂದು ಟ್ರಂಕ್ ಕಾಲ್ ಸಿಕ್ಕಿತ್ತು. ಸಿಗಲಿಲ್ಲವೆಂದು ನಾನು ಇಪ್ಪತ್ತೈದು-ಮೂವತ್ತು ವರ್ಷ ಹೇಳುತ್ತ ಬಂದೆ — ಮಾಳಪ್ಪನಿಗೆ, ನನ್ನ ಹೆಂಡತಿಗೆ, ಕೇಳಿದವರಿಗೆ, ಕೇಳದವರಿಗೂ. ಎಷ್ಟು ಸಲ ಹೇಳಿದೆನೆಂದರೆ ಕೆಲವು ದಿನ ನನಗೇ ಅದು ನಿಜವೆನಿಸುತ್ತಿತ್ತು. ನಿಜವಲ್ಲ. ಲೈನು ಸಿಕ್ಕಿತ್ತು, ಆ ಕಡೆಯವರ ದನಿ ಸ್ಪಷ್ಟವಾಗಿ ಕೇಳಿತ್ತು, ಹೇಳಬೇಕಾದ ಮಾತು ನನ್ನ ನಾಲಿಗೆಯ ಮೇಲಿತ್ತು. ನಾನು ಹೇಳಲಿಲ್ಲ.

ಆಗ ನಾನು ಹುನಗುಂದದಲ್ಲಿ ಹೈಸ್ಕೂಲ್ ಮಾಸ್ತರ. ನಮ್ಮ ಮನೆತನದಲ್ಲಿ ಓದು-ಬರಹ ಬಿಟ್ಟರೆ ಬೇರೆ ಆಸ್ತಿ ಇಲ್ಲ, ಆದ್ದರಿಂದ ಬರೆಯುವ ಚಟವೊಂದು ನನಗೂ ಅಂಟಿತ್ತು. ಹುಬ್ಬಳ್ಳಿಯ ಒಂದು ಪತ್ರಿಕೆಗೆ ಬಾತ್ಮಿದಾರನಾಗಿದ್ದೆ. ಬಾತ್ಮಿ ಬರೆದು, ಕವರಿನಲ್ಲಿ ಹಾಕಿ, ಹುಬ್ಬಳ್ಳಿ ಬಸ್ಸಿನ ಡ್ರೈವರನ ಕೈಗೆ ಕೊಡುವುದು. ಅಲ್ಲಿ ಪತ್ರಿಕೆಯ ಆಳು ಬಂದು ಇಳಿಸಿಕೊಳ್ಳುವುದು. ಬಸ್ಸು ಹೊರಟಿತೆಂದರೆ ಮುಗಿಯಿತು, ಬರೆದದ್ದನ್ನು ತಿದ್ದಲು ಪೋಸ್ಟಾಫೀಸಿನ ಟ್ರಂಕ್ ಕಾಲ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಆರು ವರ್ಷ ಬರೆದಿದ್ದೆ: ಸಾಲಿಯ ಗ್ಯಾದರಿಂಗು, ಇಳಕಲ್ಲಿನಲ್ಲಿ ಸೀರೆ ನೇಯುವವರ ಸಭೆ, ಕೆಟ್ಟು ನಿಂತ ಬೋರ್‌ವೆಲ್ಲು. ಎಲ್ಲವೂ ಒಳಪುಟದ ಮೂಲೆಯಲ್ಲಿ, ಬೆರಳಗಲ. ಮೊದಲ ಪುಟದಲ್ಲಿ ಒಮ್ಮೆಯಾದರೂ ನನ್ನ ಸಾಲು ಬರಲೆಂಬ ಹಪಹಪಿ ಎಷ್ಟಿತ್ತೆಂದು ಈಗ ಹೇಳಲು ನಾಚಿಕೆಯಾಗುತ್ತದೆ. ಹೇಳುತ್ತೇನೆ — ಅದನ್ನು ಬಚ್ಚಿಟ್ಟರೆ ಉಳಿದದ್ದೂ ಸುಳ್ಳಾಗುತ್ತದೆ.

ಐಹೊಳೆ ದಾರಿಯಲ್ಲಿ ಒಂದು ಹಳ್ಳಿ. ಅದರ ಹೆಸರು ಬರೆಯುವುದಿಲ್ಲ. ಒಮ್ಮೆ ಬರೆದು ಕೆಡಿಸಿದ್ದು ಸಾಕು. ಆ ಊರಿನ ದ್ಯಾಮನಗೌಡರು ತಾಲೂಕು ಬೋರ್ಡಿನ ಮೆಂಬರು, ಮತ್ತೆ ಇಲೆಕ್ಷನ್ನಿಗೆ ನಿಂತಿದ್ದರು. ಅದೇ ಊರಲ್ಲಿ ಬೀರಪ್ಪನ ಗುಡಿ, ಗುಡಿಗೆ ಮಾಳಪ್ಪ ಪೂಜಾರಿ. ಇಲೆಕ್ಷನ್ನಿಗೆ ಒಂದು ತಿಂಗಳ ಮೊದಲು ಬೀರಪ್ಪನ ಒಕ್ಕಲಿನವರು ಗುಡಿಯಲ್ಲಿ ಕೂಡಿ, ಭಂಡಾರ ಮುಟ್ಟಿ, ಗೌಡರ ಎದುರಾಳಿಗೇ ಓಟು ಹಾಕುವುದಾಗಿ ಆಣೆ ಮಾಡಿದರು. ಭಂಡಾರವೆಂದರೆ ದೇವರ ಅರಿಸಿನ. ಅದನ್ನು ಮುಟ್ಟಿ ಕೊಟ್ಟ ಮಾತನ್ನು ನಮ್ಮ ಕಡೆ ಯಾರೂ ಮುರಿಯುವುದಿಲ್ಲ. ಗೌಡರು ಸಿಟ್ಟಿನಿಂದ, ಇನ್ನು ಆ ಗುಡಿಯ ಹೊಸ್ತಿಲು ತುಳಿಯುವುದಿಲ್ಲವೆಂದು ಚಾವಡಿಯಲ್ಲಿ ಹತ್ತು ಮಂದಿಯ ಮುಂದೆ ಅಂದರು. ಇದನ್ನೂ ನಾನೇ ಬರೆದು ಕಳಿಸಿದ್ದೆ, ಒಳಪುಟದಲ್ಲಿ ಬಂದಿತ್ತು.

ಆಮೇಲೆ ಒಂದು ಮುಂಜಾನೆ ಗೌಡರು ತಮ್ಮ ಹೊಲದ ದಾರಿಯಲ್ಲಿ ಹೆಣವಾಗಿ ಬಿದ್ದಿದ್ದಾರೆಂದು ಸುದ್ದಿ ಬಂತು. ಸೈಕಲ್ ತುಳಿದುಕೊಂಡು ಹೋದೆ. ಬಿಳಿ ಅಂಗಿ, ತಲೆಯ ಹಿಂದೆ ಕೊಡಲಿಯ ಏಟು, ಮತ್ತು ಹಣೆಯ ಮೇಲೆ, ಎದೆಯ ಮೇಲೆ ಹಳದಿ ಭಂಡಾರ. ಸುತ್ತ ನಿಂತವರಲ್ಲಿ ಒಬ್ಬ ನನ್ನ ಕಿವಿಯಲ್ಲಿ ಅಂದ:

"ಭಂಡಾರ ನೋಡ್ರಿ ಮಾಸ್ತರ. ಗುಡಿಗೆ ಕಾಲಿಡೂದಿಲ್ಲ ಅಂದಾಂವಗ ಭಂಡಾರ ಹೆಂಗ ಬಂತು? ಆಣಿ ಮಾಡಿದವರ ಕೆಲಸಾನ ಇದು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಾನು ಕಟ್ಟಿಬಿಟ್ಟೆ. ಗುಡಿ ಅಲ್ಲಿಂದ ಒಂದು ಕೂಗಳತೆ. ನಡೆದು ಹೋಗಿ ಮಾಳಪ್ಪನನ್ನು ಒಂದು ಮಾತು ಕೇಳಬಹುದಿತ್ತು. ಬಸ್ಸು ತಪ್ಪುತ್ತದೆಂದು ಕೇಳಲಿಲ್ಲ. ಹುನಗುಂದಕ್ಕೆ ಮರಳಿ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದೆ: ರಾಜಕೀಯ ದ್ವೇಷಕ್ಕೆ ಮೆಂಬರರ ಬಲಿ, ಭಂಡಾರ ಹಚ್ಚಿ ಕೊಲೆ, ಆಣೆ ಮಾಡಿದವರ ಕೈವಾಡ. "ಶಂಕೆ" ಎಂಬ ಶಬ್ದ ಹಾಕಿದ್ದೆನೇ? ಹಾಕಿದ್ದೆ. ಬಹಳ ಸಣ್ಣದಾಗಿ, ಕೊನೆಯ ಸಾಲಿನಲ್ಲಿ.

ಕವರು ಹೋದ ಮೇಲೆ ಮನೆಗೆ ಬಂದು ಉಂಡೆ. ಕೈ ತೊಳೆಯುತ್ತಿದ್ದಾಗ ಮಾಳಪ್ಪ ಬಂದ. ಬಿಸಿಲಲ್ಲಿ ನಡೆದೇ ಬಂದಿದ್ದ, ಹೆಗಲ ಮೇಲಿನ ಕಂಬಳಿ ಬೆವರಿನಿಂದ ತೊಯ್ದಿತ್ತು.

"ಮಾಸ್ತರ, ಮಂದಿ ಏನೇನೋ ಅನ್ನಾಕತ್ತಾರರಿ. ಭಂಡಾರ ನಾನೇ ಹಚ್ಚಿದ್ದು. ನಿನ್ನಿ ಹೊತ್ತ ಮುಳುಗೂ ಮುಂದ ಗೌಡ್ರು ತಾವಾಗೇ ಗುಡಿಗಿ ಬಂದಿದ್ರು, ಕಾಯಿ ತಂದಿದ್ರು. 'ಓಟು ಯಾರಿಗರ ಹಾಕ್ರಿ ಮಾಳಪ್ಪ, ಮಗಳ ಲಗ್ನ ಗೊತ್ತಾಗೇತಿ, ಬೀರಪ್ಪನ ಆಶೀರ್ವಾದ ಬೇಕು' ಅಂದ್ರು. ಅಕ್ಕನ ಮಗ ಕೊಡ್ಲಿ ಹಿಡಕೊಂಡು ತಿರಗಾಕತ್ತಾನ ಅಂತ ಅಂಜಿದ್ರರಿ."

ಆ ಅಕ್ಕನ ಮಗನ ಸಂಗತಿ ತಾಲೂಕಿಗೇ ಗೊತ್ತಿತ್ತು. ಗೌಡರ ಮಗಳು ತೊಟ್ಟಿಲಲ್ಲಿದ್ದಾಗಲೇ ಅವಳನ್ನು ಅಕ್ಕನ ಮಗನಿಗೆ ಕೊಡುವುದೆಂದು ಮಾತಾಡಿಕೊಂಡಿದ್ದರು. ಹುಡುಗಿ ದೊಡ್ಡವಳಾದ ಮೇಲೆ ಗೌಡರು ಮನಸ್ಸು ಬದಲಿಸಿ ಬಾಗಲಕೋಟೆಯ ಒಬ್ಬ ಓದಿದ ವರನನ್ನು ನೋಡಿದ್ದರು. ಹಕ್ಕಿನ ಹೆಣ್ಣು ಕೈತಪ್ಪಿದ್ದು ಆ ಮನೆಗೆ ಮರ್ಯಾದೆಯ ಪ್ರಶ್ನೆಯಾಗಿತ್ತು. ಅಂದರೆ ಮಧ್ಯಾಹ್ನ ಎರಡು ಗಂಟೆಗೇ ನನಗೆ ಎಲ್ಲ ತಿಳಿದಿತ್ತು.

ಇಬ್ಬರೂ ಪೋಸ್ಟಾಫೀಸಿಗೆ ಓಡಿದೆವು. ಬಾತ್ಮಿ ತಡೆಯಲೆಂದು ಹುಬ್ಬಳ್ಳಿಗೆ ಅರ್ಜಂಟ್ ಟ್ರಂಕ್ ಕಾಲ್ ಬುಕ್ ಮಾಡಿದೆ. ಮಾಳಪ್ಪ ಹೊರಗೆ ಬೇವಿನ ಮರದ ಕೆಳಗೆ ಕೂತ. ಎರಡು ತಾಸಿಗೂ ಮೇಲಾಯಿತು. ಪೋಸ್ಟ್ ಮಾಸ್ತರರು ನನ್ನ ಹೆಸರು ಕೂಗಿದರು. ರಿಸೀವರ್ ಕಿವಿಗೆ ಹಚ್ಚಿದೆ — ಪತ್ರಿಕೆಯ ಉಪಸಂಪಾದಕರು.

"ಏನ್ರಿ ಮಾಸ್ತರ, ಭಾರಿ ಬಾತ್ಮಿ ಕಳಿಸೀರಿ! ಈಗ ಕವರ್ ಒಡದೇವಿ. ಮೊದಲನೇ ಪುಟಾರಿ, ನಿಮ್ಮ ಹೆಸರು ಹಾಕ್ತೇವಿ. ಮತ್ತೇನರ ಐತೇನು?"

ಮತ್ತೇನಾದರೂ ಇತ್ತೇ? ಇತ್ತು. ಬಾಗಿಲ ಆಚೆ ಇತ್ತು, ಕಂಬಳಿ ಹೊದ್ದು ಕೂತಿತ್ತು. ನಾನು ಬಾಯಿ ತೆರೆದೆ...

"ಇಲ್ರಿ. ಕವರ್ ಮುಟ್ಟಿತೋ ಇಲ್ಲೋ ಅಂತ ಕೇಳಾಕ ಮಾಡಿದೆ."

ಇಷ್ಟೇ. ಯಾರೂ ನನ್ನನ್ನು ಹೆದರಿಸಿರಲಿಲ್ಲ, ಯಾವ ಪಾರ್ಟಿಯವರೂ ನನಗೆ ಏನೂ ಕೊಟ್ಟಿರಲಿಲ್ಲ. ಹೊರಗೆ ಬಂದೆ. ಮಾಳಪ್ಪ ಎದ್ದು ನಿಂತ.

"ಲೈನ್ ಸಿಗಲಿಲ್ಲೋ ಮಾಳಪ್ಪ."

"ಒಳಗ ಹಲೋ ಅಂದಂಗಾತಲ್ಲರಿ?"

"ನಾ ಅಂದೆ. ಆ ಕಡಿಂದ ಏನೂ ಕೇಳಲಿಲ್ಲ."

ಅವನು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಅವನೇ ನನ್ನನ್ನು ಸಮಾಧಾನ ಮಾಡಿದ. "ಇರ್ಲಿ ಬಿಡ್ರಿ. ನಿಮ್ಮ ಕೈಲಾದಷ್ಟು ಮಾಡಿದ್ರಿ." ಚಹಾ ಕುಡಿಸಲು ಕರೆದೆ. ಕುರಿ ದೊಡ್ಡಿಗೆ ಹೊಡೆಯುವ ಹೊತ್ತಾಯಿತೆಂದು ಹೋದ.

ಮರುದಿನ ಮುಂಜಾನೆಯ ಬಸ್ಸಿಗೆ ಪತ್ರಿಕೆ ಬಂತು. ಮೊದಲ ಪುಟ, ನನ್ನ ಹೆಸರು. ಸ್ಟಾಫ್ ರೂಮಿನಲ್ಲಿ ಕೈ ಕುಲುಕಿದರು. ಅದೇ ಹೊತ್ತಿಗೆ ಆ ಹಳ್ಳಿಯಲ್ಲಿ ಗೌಡರ ಕಡೆಯವರು ಪತ್ರಿಕೆ ಕೈಯಲ್ಲಿ ಹಿಡಿದುಕೊಂಡೇ ಬೀರಪ್ಪನ ಓಣಿಗೆ ನುಗ್ಗಿದ್ದರು. ಮಾಳಪ್ಪನ ಕುರಿದೊಡ್ಡಿಗೆ ಬೆಂಕಿ ಬಿತ್ತು. ಬಿದಿರ ತಟ್ಟಿಯೊಳಗೆ ಕೂಡಿಹಾಕಿದ್ದ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಅವನ ಬಲಗೈಯನ್ನು ಕಲ್ಲಿನ ಮೇಲೆ ಇಟ್ಟು ಜಜ್ಜಿದರು — ಭಂಡಾರ ಹಚ್ಚಿದ ಕೈ ಇದೇ ಅಲ್ಲವೇ ಎಂದು ಕೇಳಿ ಕೇಳಿ. ಹೌದೆಂದನಂತೆ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಹಚ್ಚಿದ್ದು ನಾನೇ ಎಂದ, ಅದೇ ಅವನಿಗೆ ಮುಳುವಾಯಿತು. ಪೊಲೀಸರೂ ವಿಚಾರಣೆಗೆಂದು ಅವನನ್ನೇ ಒಯ್ದರು.

ಹನ್ನೆರಡು ದಿನಕ್ಕೆ ಗೌಡರ ಅಕ್ಕನ ಮಗ ತಾನಾಗಿ ಬಂದು ಒಪ್ಪಿಕೊಂಡ. ಕೊಡಲಿಯೂ ಸಿಕ್ಕಿತು. ಆ ಬಾತ್ಮಿಯನ್ನೂ ನಾನೇ ಬರೆದೆ: ನಾಲ್ಕು ಸಾಲು, ಒಳಪುಟ. ಹಿಂದೆ ಬರೆದದ್ದು ತಪ್ಪೆಂದು ಒಂದು ಅಕ್ಷರ ಹಾಕಲಿಲ್ಲ.

ಪೊಲೀಸರು ಮಾಳಪ್ಪನನ್ನು ಬಿಟ್ಟರು. ಬಲಗೈ ಬೆರಳು ಮತ್ತೆ ಮಡಚಲಿಲ್ಲ. ಗೌಡರ ಮನೆಯ ಹೆಣ್ಣುಮಕ್ಕಳು ಗುಡಿಗೆ ಬರುವುದು ನಿಂತಿತು, ಅವರನ್ನು ನೋಡಿ ಉಳಿದವರದೂ ನಿಂತಿತು. ಆ ಕೈಯಿಂದ ಭಂಡಾರ ಹಚ್ಚಿಸಿಕೊಳ್ಳಲು ಜನ ಹಿಂಜರಿದರು. ಹಣೆಯೊಡ್ಡುವವರೇ ಇಲ್ಲದ ಮೇಲೆ ಪೂಜಾರಿ ಯಾಕೆ? ಪೂಜೆಯನ್ನು ದಾಯಾದಿಗೆ ಒಪ್ಪಿಸಿ, ಉಳಿದ ಕುರಿ ಹೊಡೆದುಕೊಂಡು, ಹೆಂಡತಿ ಲಕ್ಕವ್ವನ ಜೊತೆ ಕಲಾದಗಿ ಕಡೆ ಹೊರಟುಹೋದ.

ಕೆಲವು ವರ್ಷಗಳ ಮೇಲೆ ಪರೀಕ್ಷೆಯ ಕೆಲಸಕ್ಕೆಂದು ಕಲಾದಗಿಗೆ ಹೋದಾಗ ಹುಡುಕಿಕೊಂಡು ಹೋದೆ. ಹೇಳಿಯೇ ಬಿಡಬೇಕೆಂದು ಹೋಗಿದ್ದೆ. ಘಟಪ್ರಭೆಯ ದಂಡೆಯ ಹೊಲದಲ್ಲಿ ಗುಡಿಸಲು. ಅವನು ಎಡಗೈಯಿಂದ ನಮಸ್ಕಾರ ಮಾಡಿ, ತಪ್ಪಾಯಿತೆಂಬಂತೆ ನಕ್ಕ. ಲಕ್ಕವ್ವನನ್ನು ಕರೆದು, "ಇವರನ ನೋಡ್ ಆ ಮಾಸ್ತರು. ನನ ಸಲುವಾಗಿ ಪೋಸ್ಟಾಫೀಸಿನ್ಯಾಗ ಎರಡ ತಾಸು ಕುಂತವರು. ಲೈನೇ ಸಿಗಲಿಲ್ಲ, ಅವರರ ಏನ್ ಮಾಡ್ಯಾರು?" ಅಂದ. ಆಕೆ ನನಗೆ ರೊಟ್ಟಿ, ಚಟ್ನಿಪುಡಿ, ಗಟ್ಟಿ ಮೊಸರು ಬಡಿಸಿದಳು. ನಾನು ಉಂಡೆ. ಮಾತು ಗಂಟಲಲ್ಲೇ ಇತ್ತು, ಅದರ ಮೇಲೆಯೇ ರೊಟ್ಟಿ ನುಂಗಿ ಎದ್ದು ಬಂದೆ.

ಹೋದ ವರ್ಷ ಮಾಳಪ್ಪ ತೀರಿಕೊಂಡನೆಂದು ಕಲಾದಗಿಯಿಂದ ಬಂದವರೊಬ್ಬರು ಹೇಳಿದರು. ಒಂದು ವಾರ ಮನೆಯಲ್ಲೇ ಒದ್ದಾಡಿ, ಆಮೇಲೆ ಲಕ್ಕವ್ವನ ಹತ್ತಿರ ಹೋದೆ. ಕೂತು ಎಲ್ಲ ಹೇಳಿದೆ. ಈ ಸಲ ಏನೂ ಬಿಡಲಿಲ್ಲ. ಆಕೆ ಬೈಯಲಿಲ್ಲ; ಬೈದಿದ್ದರೆ... ಬೈಯಲಿಲ್ಲ. ನೀರಿನ ತಂಬಿಗೆ ಮುಂದಿಟ್ಟು ಅಂದಳು:

"ನನಗ್ಯಾಕ ಹೇಳ್ತೀರಿ ಮಾಸ್ತರ? ನನಗ ಅಂವ ಎಂಥಾಂವ ಅನ್ನೂದು ಗೊತ್ತಿತ್ತು. ಊರಾಗ ಹೋಗಿ ಹೇಳ್ರಿ."

ಹೋದೆ. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ನಾಲ್ಕೈದು ಜನ ಕೂತಿದ್ದರು. ದ್ಯಾಮನಗೌಡರ ಕೊಲೆಯ ಮಾತು ತೆಗೆದೆ. ಅವರಲ್ಲಿ ಹಿರಿಯನಂತಿದ್ದವನು, ಹೊಸಬನಿಗೆ ಹೇಳುವಂತೆ ನನಗೇ ಹೇಳತೊಡಗಿದ.

"ಅದು ರಾಜಕೀಯದ್ದರಿ. ಹೊಡದಾಂವ ಅಕ್ಕನ ಮಗ, ಖರೆ. ಮಾಡಿಸಿದವರು ಈ ಗುಡಿಯವರು. ಭಂಡಾರ ಹಚ್ಚಿ ಕೊಂದ್ರು. ಆಗಿನ ಪೂಜಾರಿ ಒಬ್ಬಾಂವ ಇದ್ದ, ಊರ ಬಿಟ್ಟು ಓಡಿಹೋದ."

ಅಲ್ಲವೆಂದೆ. ಗೌಡರು ತಾವಾಗಿಯೇ ಬಂದು ಭಂಡಾರ ಹಚ್ಚಿಸಿಕೊಂಡಿದ್ದರೆಂದೆ. ಮಗಳ ಮದುವೆಯ ಸಂಗತಿ ಹೇಳಿದೆ, ಮಾಳಪ್ಪ ನಡೆದು ಬಂದದ್ದು ಹೇಳಿದೆ. ಆ ಬಾತ್ಮಿ ಬರೆದವನು ನಾನೇ, ಸುಳ್ಳೆಂದು ಗೊತ್ತಾದ ಮೇಲೂ ಅಚ್ಚಾಗಲು ಬಿಟ್ಟವನು ನಾನೇ ಎಂದೆ. ದನಿ ಏರಿತೆಂದು ಕಾಣುತ್ತದೆ, ಹಾದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಹಿರಿಯನು ಸ್ವಲ್ಪ ಸರಿದು ನನಗೆ ಕೂರಲು ಜಾಗ ಮಾಡಿಕೊಟ್ಟ.

"ಕುಂದರ್ರಿ ಯಜಮಾನ್ರ, ಬಿಸಲಾಗ ಬಂದೀರಿ," ಅಂದ. "ನಿಮಗ ಯಾರೋ ತಪ್ಪ ಹೇಳ್ಯಾರ. ಅವತ್ತ ಪೇಪರ್‌ನ್ಯಾಗ ಬಂದಿತ್ತರಿ."