ಆಯುಧಪೂಜೆಗಿಟ್ಟ ಅಕೌಂಟೆನ್ಸಿ

ಗೆಳತಿಯರೇ, ಇವತ್ತು ನಮ್ಮ ಕುಲುಮೆಯ ಆಯುಧಪೂಜೆಯಲ್ಲಿ ಅಪ್ಪನ ಸುತ್ತಿಗೆಯ ಪಕ್ಕ ನನ್ನ ಪಿಯುಸಿ ಅಕೌಂಟೆನ್ಸಿ ಪುಸ್ತಕ ಇಟ್ಟೆ. ನಾಗಮಂಗಲದಲ್ಲಿ ಎಸ್‌ಟಿಡಿ ಬೂತ್ ನಡೆಸುವ ಸೋದರಮಾವ ನಕ್ಕ.

"ಇದೂ ಒಂದು ಆಯ್ದವೇನವ್ವ?"

"ಊಂ ಮಾವ. ಬಿಕಾಂ ಮಾಡಿ, ಆಡಿಟರ್ ಹತ್ರ ಕೆಲ್ಸ ಕಲ್ತು, ಟ್ರಾಕ್ಟರ್ ಟ್ರೈಲರ್ ಮಾಡೋ ವರ್ಕ್‌ಶಾಪ್ ಆಕ್ತೀನಿ."

"ಎಣ್ಣೈಕ್ಳಿಗ್ಯಾಕವ್ವ ಅದೆಲ್ಲ? ಬ್ಯಾಂಕಿಗೆ ಸೇರ್ಕೊ."

"ಬ್ಯಾಂಕಿಗೆ ಓಗೇ ಓಯ್ತೀನಿ, ಸಾಲ ಕೇಳಕ್ಕೆ. ಕೆಲ್ಸ ಕೇಳಕ್ಕಲ್ಲ."

ಮಾವ ಸಿಟ್ಟಿನಿಂದ ಪುಸ್ತಕ ಎತ್ತಲು ಕೈಚಾಚಿದ. ಅಷ್ಟರಲ್ಲಿ ಅಪ್ಪ ಅದಕ್ಕೂ ಕುಂಕುಮ ಇಟ್ಟಾಗಿತ್ತು. "ಪೂಜೆ ಆದ್ಮೇಲೆ ನಾಳೆಗಂಟ ಯಾವ ಆಯ್ದಾನೂ ಮುಟ್ಟಂಗಿಲ್ಲ ಕಣ್ಲಾ" ಎಂದ.

ಮಾವ ಕೈ ಹಿಂತೆಗೆದ. ಆದರೆ ನಾನೂ ಮುಟ್ಟುವಂತಿಲ್ಲ. ನಾಡಿದ್ದು ಕಾಲೇಜು ತೆರೆದ ಕೂಡಲೇ ಟೆಸ್ಟ್. ಪೂಜೆಗೆ ಇಡದ ಪುಸ್ತಕ ಯಾರ ಹತ್ತಿರವಾದರೂ ಇದ್ದರೆ, ವರ್ಕ್‌ಶಾಪಿನ ಮುಂದಿನ ಮಾಲೀಕಳಿಗೆ ಒಂದು ದಿನದ ಮಟ್ಟಿಗೆ ಕೊಡಿ.